ಓಟದ ಕಾರು ಮನೆಯ ಕಾರಾದೀತೆ?

ಸುಗ್ಗಿಯ ಕೆಲಸ ತೀರಿ ಹೊಲಗಳು ಬರಿದಾದ ಮೇಲೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಪಂದ್ಯಗಳು ನಡೆಯುವುದುಂಟು. ಜೋಡೆತ್ತುಗಳನ್ನು ಹೂಡಿದ ಬರಿಯ ಬಂಡಿ. ಅದರಲ್ಲಿ ಹೇರಿಲ್ಲ, ಮೂಟೆಯಿಲ್ಲ, ಮನೆಮಂದಿಯಿಲ್ಲ. ಗೊತ್ತುಪಡಿಸಿದ ಒಂದು ನಿಮಿಷದೊಳಗೆ ಯಾವ ಜೋಡಿ ಎಷ್ಟು ಅಡಿ ಓಡಿತೆಂದು ಅಳೆದು ಬಹುಮಾನ ಕೊಡುವುದು ಅನೇಕ ಊರುಗಳ ರೂಢಿ. ಎತ್ತುಗಳ ಮೈಕಟ್ಟಿನ ಮೇಲೆಯೂ ಬಂಡಿಯ ಹಗುರದ ಮೇಲೆಯೂ ಅಭಿಮಾನವಿಟ್ಟ ಒಡೆಯನು, ಗೋವಿನಜೋಳದ ಚೀಲಗಳನ್ನು ಪೇಟೆಗೆ ಸಾಗಿಸುವ ದಿನ ಅದೇ ಜೋಡಿಯನ್ನು ಹೂಡಲು ಹಿಂದುಮುಂದು ನೋಡುತ್ತಾನೆ. ಓಟದ ಗಾಡಿಯ ಧರ್ಮ ಬೇರೆ, ಹೇರಿನ ಗಾಡಿಯ ಧರ್ಮ ಬೇರೆ ಎಂಬುದು ಅವನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ನಮ್ಮ ಹಳೆಯ ಕಾವ್ಯಗಳ ಪರಿಚಯವುಳ್ಳವರಿಗೂ ಈ ಭೇದವು ಹೊಸದಲ್ಲ. ರಣರಂಗದ ವರ್ಣನೆಯಲ್ಲಿ ಮೆರೆಯುವುದು ರಥ. ಅದರಲ್ಲಿ ರಥಿಕನಿಗೂ ಸಾರಥಿಗೂ ಮಾತ್ರ ಎಡೆ. ಸಂಸಾರದ ಭಾರವನ್ನು ಹೊತ್ತು ಊರಿಂದೂರಿಗೆ ಸಾಗುವುದು ಬಂಡಿ. ಎರಡಕ್ಕೂ ಗಾಲಿಯುಂಟು, ಅಚ್ಚುಂಟು, ನೊಗವುಂಟು. ಮೋಟಾರು ಯುಗದಲ್ಲಿ ರಥದ ವಂಶವನ್ನು ಮುಂದುವರಿಸಿರುವುದು ಪಂದ್ಯದ ಕಾರು. ಇಂದು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ದುಡಿದು ಕೈಯಲ್ಲಿ ನಾಲ್ಕು ಕಾಸು ಕಂಡ ತರುಣರಲ್ಲಿ ಒಂದು ಆಸೆ ಮೊಳೆಯುತ್ತಿದೆ. ಪಂದ್ಯದ ಹಾದಿಯನ್ನೇ ಗುರಿಯಾಗಿಟ್ಟು ತಯಾರಿಸಿದ ಕಾರೊಂದನ್ನು ಕೊಂಡು, ತುಸು ತಿದ್ದಿ, ಅದನ್ನೇ ನಿತ್ಯದ ಓಡಾಟಕ್ಕೂ ಬಳಸಬಾರದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಅಸಂಬದ್ಧವಲ್ಲ; ಹಾಗೆ ತಿದ್ದಿದವರು ಜಗತ್ತಿನಲ್ಲಿದ್ದಾರೆ. ಆದರೆ ತಿದ್ದುವ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಅರಿಯದೆ ಹಣ ಸುರಿದರೆ ಓಟವೂ ಹೋದೀತು, ಸುಖವೂ ಬಾರದು.

ಎರಡು ದೃಷ್ಟಾಂತಗಳು

ಈ ವಿಷಯದಲ್ಲಿ ಇತಿಹಾಸವು ನಮಗೆ ಎರಡು ಸೊಗಸಾದ ದೃಷ್ಟಾಂತಗಳನ್ನು ಒದಗಿಸಿದೆ. ಮೊದಲನೆಯದು ಇಂಗ್ಲೆಂಡಿನದು. ಫ್ರಾನ್ಸಿನ ಲೆಮಾನ್ ಊರಿನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು ಜಾಗ್ವಾರ್ ಕಂಪನಿಯ 'ಡಿ-ಟೈಪ್' ಕಾರು 1955, 1956, 1957ರಲ್ಲಿ ಸತತವಾಗಿ ಗೆದ್ದಿತು. 1956ರ ಕೊನೆಗೆ ಕಂಪನಿಯು ತಾನೇ ಪಂದ್ಯಕ್ಕಿಳಿಯುವುದನ್ನು ನಿಲ್ಲಿಸಿದಾಗ ಮಾರಾಟವಾಗದ ಕೆಲವು ಕಾರುಗಳು ಕಾರ್ಖಾನೆಯಲ್ಲಿ ಉಳಿದವು. ಅವನ್ನು ಸಾಮಾನ್ಯ ರಸ್ತೆಯ ಕಾರುಗಳನ್ನಾಗಿ ಮಾರ್ಪಡಿಸಿ 'ಎಕ್ಸ್‌ಕೆ-ಎಸ್‌ಎಸ್' ಎಂಬ ಹೆಸರಿನಲ್ಲಿ ಮಾರಲು ನಿಶ್ಚಯಿಸಲಾಯಿತು. ಚಾಲಕನ ಹಿಂದಿನ ರೆಕ್ಕೆಯನ್ನು ತೆಗೆದರು. ಎರಡು ಆಸನಗಳ ನಡುವಣ ತಡೆಯನ್ನು ಕಿತ್ತರು. ಪಕ್ಕದವನಿಗೂ ಒಂದು ಬಾಗಿಲು, ಮುಂದೆ ಅಗಲವಾದ ಗಾಜು, ಮಡಿಸುವ ಮೇಲ್ಹೊದಿಕೆ ಇವನ್ನು ಕೂಡಿಸಿದರು. ಸಾಮಾನಿಗೆ ಒಳಗೆ ಎಡೆಯಿಲ್ಲದ್ದರಿಂದ ಹಿಂಬದಿಯ ಮೇಲೆ ಕಂಬಿಯ ಚೌಕಟ್ಟೊಂದನ್ನು ಬಿಗಿದರು. 1957ರ ಫೆಬ್ರುವರಿ 12ರಂದು ಕಾರ್ಖಾನೆಗೆ ಬೆಂಕಿ ಬಿದ್ದು 9 ಕಾರುಗಳು ಸುಟ್ಟುಹೋದವು. ಹೊರಬಂದವು 16 ಮಾತ್ರ. ಇಂದು ಅವು ಅಮೂಲ್ಯವೆನಿಸಿವೆ. ಆದರೆ ಉಡುಗೆ ಬದಲಾಗಿತ್ತೇ ಹೊರತು ದೇಹ ಬದಲಾಗಿರಲಿಲ್ಲ; ಒಳಗಿದ್ದುದು ಅದೇ ಪಂದ್ಯದ ಕಾರು.

ಎರಡನೆಯದು ಜರ್ಮನಿಯದು. ಮರ್ಸಿಡಿಸ್-ಬೆಂಜ್ ಕಂಪನಿಯ '300 ಎಸ್‌ಎಲ್' ಕಾರು 1952ರಲ್ಲಿ ಲೆಮಾನ್ ಪಂದ್ಯವನ್ನು ಗೆದ್ದ ಓಟಗಾರ. ಅದರ ರಸ್ತೆಯ ರೂಪವನ್ನು 1954ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜನರು ಕಂಡರು. ಅದರ ಕೊಳವೆಗಳ ಚೌಕಟ್ಟು ಎರಡು ಪಕ್ಕಗಳಲ್ಲಿಯೂ ಎತ್ತರವಾಗಿದ್ದುದರಿಂದ ಸಾಮಾನ್ಯ ಬಾಗಿಲನ್ನು ಕೂಡಿಸಲು ಸಾಧ್ಯವಿರಲಿಲ್ಲ. ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳು ಹುಟ್ಟಿದ್ದು ಹೀಗೆ. ನೋಡಲು ಅಂದ, ಹತ್ತಲು ಕಷ್ಟ. ಬಾಗಿಲ ಗಾಜನ್ನು ಕೆಳಗಿಳಿಸಲಾಗದ ಕಾರಣ ಒಳಗೆ ಸೆಕೆ. 1957ರಲ್ಲಿ ಕಂಪನಿಯು ಇದರ ತೆರೆದ ಮಾದರಿಯನ್ನು ಹೊರತಂದಾಗ ಪಕ್ಕದ ಚೌಕಟ್ಟನ್ನೇ ತಗ್ಗಿಸಿ ಸಾಮಾನ್ಯ ಬಾಗಿಲನ್ನಿಟ್ಟಿತು. ತಿರುವಿನಲ್ಲಿ ಚಾಲಕನನ್ನು ಬೆದರಿಸುತ್ತಿದ್ದ ಹಿಂದಿನ ಅಚ್ಚಿನ ರಚನೆಯನ್ನೂ ಬದಲಿಸಿತು. ಕಾರು ಮೊದಲಿಗಿಂತ ಭಾರವಾಯಿತು, ಆದರೆ ಸಭ್ಯವಾಯಿತು. ರೆಕ್ಕೆಯ ಬಾಗಿಲಿನ ಕಾರುಗಳು 1,400 ತಯಾರಾದರೆ ಈ ತೆರೆದ ಕಾರುಗಳು 1,858 ತಯಾರಾದವು.

ಒಂದು ಉಡುಗೆಯನ್ನು ಬದಲಿಸಿತು, ಇನ್ನೊಂದು ಎಲುಬನ್ನೇ ಬದಲಿಸಿತು. ಸೌಖ್ಯವೆಂಬುದು ಮೆತ್ತೆಯಿಂದ ಕೆಳಕ್ಕೆ ಇಳಿಯುವುದಿಲ್ಲ, ಗಾಲಿಯಿಂದ ಮೇಲಕ್ಕೆ ಏರುತ್ತದೆ ಎಂಬ ತತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

ಗಾಲಿಯಿಂದ ಮೇಲಕ್ಕೆ

ನಮ್ಮ ರಸ್ತೆಗಳಲ್ಲಿ ಈ ತತ್ತ್ವಕ್ಕೆ ಇನ್ನಷ್ಟು ಬಲ ಬರುತ್ತದೆ. ಶಿಗ್ಗಾವಿಯನ್ನು ಹಾದುಹೋಗುವ ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಯಾವ ಕಾರಾದರೂ ಸುಖವಾಗಿಯೇ ಓಡೀತು. ಹೆದ್ದಾರಿಯನ್ನು ಬಿಟ್ಟು ಸವಣೂರಿನ ಕಡೆಗೆ ಹೊರಳಿದಾಗ ಕರಿಯ ಎರೆನೆಲ ಎದುರಾಗುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ; ಅದರ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗುವುದು ಸಹಜ. ಅರೆಮಲೆನಾಡಾದ ಹಾನಗಲ್ಲಿನ ಕಡೆ ಮಳೆಯೇ ಹೆಚ್ಚು.

ಆದ್ದರಿಂದ ಮೊದಲ ಕೆಲಸ ಟೈರಿನದು. ಪಂದ್ಯದ ಟೈರಿನ ಪಕ್ಕದ ಗೋಡೆ ಗಿಡ್ಡ. ಮೈಮೇಲಿನ ಗೀರುಗಳೂ ಕಡಮೆ. ಒಣನೆಲದಲ್ಲಿ ಅದರ ಹಿಡಿತ ಅಸಾಧಾರಣ. ನೀರು ನಿಂತ ರಸ್ತೆಯಲ್ಲಿ ಅದೇ ಅಪಾಯ. ಒಂದು ಉದಾಹರಣೆ: 245/35 ಅಳತೆಯ 19 ಇಂಚಿನ ಟೈರಿನ ಗೋಡೆಯ ಎತ್ತರ ಸುಮಾರು 86 ಮಿಲಿಮೀಟರು. ಅದಕ್ಕೆ ಬದಲಾಗಿ 225/50 ಅಳತೆಯ 17 ಇಂಚಿನದನ್ನು ಹಾಕಿದರೆ ಗೋಡೆ ಸುಮಾರು 112 ಮಿಲಿಮೀಟರು ಆಗುತ್ತದೆ. ಹೊರಸುತ್ತಿನ ಅಳತೆ ಹೆಚ್ಚುಕಡಿಮೆ ಮೊದಲಿನಷ್ಟೇ ಇರುವುದರಿಂದ ವೇಗಸೂಚಿಯು ಸುಳ್ಳು ಹೇಳುವುದಿಲ್ಲ. ಹೆಚ್ಚಿದ ಆ ಒಂದಂಗುಲದ ಗಾಳಿಯೇ ಗುಂಡಿಯ ಪೆಟ್ಟನ್ನು ನುಂಗುವ ಮೊದಲ ಮೆತ್ತೆ. ಆದರೆ ಚಿಕ್ಕ ಚಕ್ರದೊಳಗೆ ಕಾರಿನ ದೊಡ್ಡ ಬ್ರೇಕು ಹಿಡಿಸುವುದೇ ಎಂಬುದನ್ನೂ, ಆ ಅಳತೆಗೆ ತಯಾರಕರ ಒಪ್ಪಿಗೆಯಿದೆಯೇ ಎಂಬುದನ್ನೂ ಮೊದಲೇ ನೋಡಬೇಕು.

ಎರಡನೆಯದು ಸ್ಪ್ರಿಂಗು. ಸಾಧಾರಣ ಕಾರಿನ ದೇಹವು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ. ಪಂದ್ಯದ ಕಾರು ಎರಡು ಸಲವೋ ಅದಕ್ಕೂ ಹೆಚ್ಚೋ. ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಅದುರುವ ಕಂಪನವು ಕುಳಿತ ಮನುಷ್ಯನಿಗೆ ಎಲ್ಲಕ್ಕಿಂತ ಅಸಹನೀಯ. ಸ್ಪ್ರಿಂಗು ಬಿಗಿಯಾದಷ್ಟೂ ರಸ್ತೆಯ ಈ ಅದುರು ಬೆನ್ನೆಲುಬಿಗೆ ತಲಪುವುದು ಹೆಚ್ಚು. ಸೆಕೆಂಡಿಗೆ ಎರಡು ಸಲದ ತೂಗಾಟವನ್ನು 1.4ಕ್ಕೆ ಇಳಿಸಬೇಕಾದರೆ ಸ್ಪ್ರಿಂಗಿನ ಬಿಗಿಯನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ. ಸ್ಪ್ರಿಂಗನ್ನು ಮಾತ್ರ ಬದಲಿಸಿ ಶಾಕ್ ಅಬ್ಸಾರ್ಬರನ್ನು ಹಾಗೆಯೇ ಬಿಟ್ಟರೆ ಎರಡಕ್ಕೂ ಹೊಂದಿಕೆಯಾಗದು. ಅವು ಗಂಡಹೆಂಡಿರಂತೆ, ಜೋಡಿಯಾಗಿಯೇ ಬರಬೇಕು. ಪಂದ್ಯದ ಕಾರಿನಲ್ಲಿ ಗಾಲಿಯ ತೋಳುಗಳಿಗೆ ಉಕ್ಕಿನ ಗುಂಡುಕೀಲುಗಳಿರುತ್ತವೆ. ಅಲ್ಲಿ ರಬ್ಬರಿನ ಬುಷ್ಷುಗಳನ್ನು ಕೂಡಿಸಿದರೆ ಸದ್ದೂ ಅದುರೂ ತಗ್ಗುತ್ತವೆ, ಸ್ಟಿಯರಿಂಗಿನ ಮೊನಚು ಸ್ವಲ್ಪ ಮಂಕಾಗುತ್ತದೆ. ಈ ಸಣ್ಣ ನಷ್ಟವನ್ನು ಒಪ್ಪಲಾರದವನು ಮುಂದಿನ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಮೂರನೆಯದು ನೆಲಕ್ಕೂ ಕಾರಿನ ಅಡಿಗೂ ನಡುವಣ ಎಡೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿದ ಮಾದರಿಯ ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಉದ್ದದ ಮಂದವಾದ ಕಮಾನು. ಗಾಲಿಗಳ ನಡುವೆ 2.5 ಮೀಟರು ಅಂತರವುಳ್ಳ ಕಾರು ಅದನ್ನು ದಾಟುವಾಗ, ಉಬ್ಬಿನ ನೆತ್ತಿಯು ಗಾಲಿಗಳ ಮಟ್ಟಕ್ಕಿಂತ 5 ಸೆಂಟಿಮೀಟರಿನಷ್ಟೂ ಮೇಲೇಳುವುದಿಲ್ಲ. ತಗ್ಗಿನ ಕಾರೂ ನಿಧಾನವಾಗಿ ದಾಟಬಲ್ಲದು. ಆದರೆ ಹಳ್ಳಿಗಳಲ್ಲಿ ಜನರೇ ಮಣ್ಣುಕಲ್ಲು ಒಟ್ಟಿ ಕಟ್ಟಿಕೊಂಡ ಮೊಳಗಲದ ಹಂಪಿನ ಲೆಕ್ಕವೇ ಬೇರೆ. ಅದು 10 ಸೆಂಟಿಮೀಟರು ಎತ್ತರವಿದ್ದರೆ ಅಷ್ಟೂ ಎತ್ತರ ಕಾರಿನ ಹೊಟ್ಟೆಗೆ ತಾಗುತ್ತದೆ. ಆ ಹಂಪನ್ನು ಶಪಿಸಿ ಫಲವಿಲ್ಲ. ಶಾಲೆಯ ಮಕ್ಕಳು ರಸ್ತೆ ದಾಟುವೆಡೆಯಲ್ಲಿ ಅದನ್ನು ಕಟ್ಟಿಸಿದ್ದು ನಮ್ಮಂಥವರ ವೇಗವೇ. ಕಾರನ್ನು ಎರಡು ಮೂರು ಸೆಂಟಿಮೀಟರು ಏರಿಸುವುದು ಒಳ್ಳೆಯದು. ಅತಿಯಾಗಿ ಏರಿಸಿದರೆ ಗಾಲಿಯ ಕೋನಗಳು ಕೆಟ್ಟು ತಿರುವಿನಲ್ಲಿ ಭರವಸೆ ತಪ್ಪುತ್ತದೆ.

ಸಂತೆಪೇಟೆಯ ಪರೀಕ್ಷೆ

ಓಟದ ಕಾರಿಗೆ ನಿಜವಾದ ಕಷ್ಟ ವೇಗದಲ್ಲಿಲ್ಲ, ನಿಧಾನದಲ್ಲಿದೆ. ಸಂತೆಯ ದಿನ ಎತ್ತಿನ ಬಂಡಿ, ಟ್ರ್ಯಾಕ್ಟರು, ಸೈಕಲ್ಲು, ಕುರಿಮಂದೆಗಳ ನಡುವೆ ಅದು ಹೆಜ್ಜೆಹೆಜ್ಜೆಯಾಗಿ ಸಾಗಬೇಕು. ಪಂದ್ಯದ ಕ್ಲಚ್ಚು ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ನಡುವಣ ನಯ ಅದಕ್ಕೆ ತಿಳಿಯದು. ಅದಕ್ಕೆ ಬದಲು ಸಾಮಾನ್ಯ ಕ್ಲಚ್ಚನ್ನೂ ತುಸು ಭಾರದ ಫ್ಲೈವೀಲನ್ನೂ ಹಾಕಿದರೆ ಎಂಜಿನ್ ನಿಧಾನಗತಿಯಲ್ಲಿಯೂ ಮುಗ್ಗರಿಸದು. ಮುನ್ನುಗ್ಗುವ ಗಾಳಿಯಿಂದಲೇ ತಂಪಾಗುವಂತೆ ರಚಿಸಿದ ಎಂಜಿನ್ನು ನಿಂತಲ್ಲಿ ಕುದಿಯುತ್ತದೆ; ಅದಕ್ಕೆ ವಿದ್ಯುತ್ತಿನ ಬೀಸಣಿಗೆ ಬೇಕು. ಪಂದ್ಯದ ಬ್ರೇಕ್ ಪ್ಯಾಡು ಕಾದ ಮೇಲೆ ಬಿಗಿಯಾಗಿ ಹಿಡಿಯುವಂಥದು. ತಣ್ಣಗಿರುವಾಗ ಅದರ ಹಿಡಿತ ಕಡಮೆ. ಬೆಳಗಿನ ಮೊದಲ ತಿರುವಿನಲ್ಲಿ ಎಮ್ಮೆ ಅಡ್ಡಬಂದಾಗ ಬೇಕಾದುದು ತಣ್ಣಗಿದ್ದಾಗಲೂ ಹಿಡಿಯುವ ಪ್ಯಾಡು.

ಇನ್ನೊಂದು ಸಂಗತಿ ಪ್ರಾಣಕ್ಕೆ ಸಂಬಂಧಿಸಿದ್ದು. ಪಂದ್ಯದ ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರವಿರುತ್ತದೆ. ಶಿರಸ್ತ್ರಾಣ ಧರಿಸಿ, ಹಲವು ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತವನಿಗೆ ಅದು ರಕ್ಷೆ. ಬರಿದಲೆಯಲ್ಲಿ ಕುಳಿತ ಮನೆಮಂದಿಗೆ ಅದೇ ಕೊಳವೆಯು ಅಪಘಾತದಲ್ಲಿ ತಲೆಗೆ ಬಡಿಯುವ ಕಬ್ಬಿಣ. ನಿತ್ಯದ ಕಾರಿನಲ್ಲಿ ಪಂಜರದ ಬಳಿ ಯಾರನ್ನೂ, ಅದರಲ್ಲಿಯೂ ಮಕ್ಕಳನ್ನು, ಕೂರಿಸಬಾರದು. ಆಸನದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ.

ಉಳಿಸಿಕೊಳ್ಳಬೇಕಾದುದು

ಹಾಗಾದರೆ ಪಂದ್ಯದ ಕಾರಿನಲ್ಲಿ ಉಳಿಯುವುದೇನು? ಉಳಿಯಬೇಕಾದುದೇ ಉಳಿಯುತ್ತದೆ: ಹಗುರವಾದ ದೇಹ, ದೊಡ್ಡ ಬ್ರೇಕುಗಳು, ಚಾಲಕನ ಕೈಗೆ ರಸ್ತೆಯ ಸುದ್ದಿಯನ್ನು ಪ್ರಾಮಾಣಿಕವಾಗಿ ಮುಟ್ಟಿಸುವ ಸ್ಟಿಯರಿಂಗು. ಕಳೆದುಹೋಗುವುದು ಒಂದು ಸುತ್ತಿನಲ್ಲಿ ಕೆಲವು ಸೆಕೆಂಡುಗಳು. ನಮ್ಮ ರಸ್ತೆಗಳಲ್ಲಿ ಆ ಸೆಕೆಂಡುಗಳನ್ನು ಗಳಿಸಿ ಇಡುವ ಪೆಟ್ಟಿಗೆಯೂ ಇಲ್ಲ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ವ್ಯತಿರಿಕ್ತವಾಗುವ ಮಾರ್ಪಾಡನ್ನು ಒಡೆಯನು ಮಾಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದಕಾರಣ ಯಾವ ಬದಲಾವಣೆಗೂ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕರ್ತವ್ಯ. ಪಂದ್ಯಕ್ಕಾಗಿಯೇ ಕಟ್ಟಿದ, ನೋಂದಣಿಯೇ ಇಲ್ಲದ ಕಾರು ಎಷ್ಟು ಮೆತ್ತಗಾದರೂ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ.

ಇಷ್ಟನ್ನೆಲ್ಲ ಕೂಡಿ ಕಳೆದು ನೋಡಿದರೆ ತರುಣ ಮಿತ್ರರಿಗೆ ಹೇಳಬಹುದಾದುದು ಸರಳವಾಗಿದೆ. ನೀವು ಮೆಚ್ಚಿದ ಕಾರಿಗೆ ಅದರ ತಯಾರಕರೇ ರೂಪಿಸಿದ ಸೌಮ್ಯವಾದ ಸೋದರನಿದ್ದರೆ ಅದನ್ನೇ ಕೊಳ್ಳಿರಿ. 1957ರ ಜರ್ಮನ್ ಕಾರಿನಲ್ಲಿ ಆದಂತೆ ಎಲುಬಿನ ಕೆಲಸ ಆಗಲೇ ಮುಗಿದಿರುತ್ತದೆ. ಇಲ್ಲದಿದ್ದರೆ ಹಣ ಕೊಡುವ ಮುನ್ನ ಮಳೆಗಾಲದ ಒಂದು ದಿನ, ಪಕ್ಕದ ಆಸನದಲ್ಲಿ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಹಿರೇಕೆರೂರಿನಿಂದ ಹಾನಗಲ್ಲು, ಶಿಗ್ಗಾವಿಗಳ ಮೇಲೆ ಸವಣೂರಿನವರೆಗೆ ಹೋಗಿ ಬನ್ನಿರಿ. ಕಾರಿನಿಂದ ಇಳಿದಾಗ ಅವರು ಸೊಂಟ ಹಿಡಿದುಕೊಂಡರೆ ಯಾವ ಬದಲಾವಣೆ ಮೊದಲು ಆಗಬೇಕೆಂಬುದು ತಾನಾಗಿ ತಿಳಿಯುತ್ತದೆ; ಮರುದಿನವೂ ಬರುತ್ತೇನೆಂದರೆ ಕಾರು ಮನೆಯದಾಗಲು ಅರ್ಹವಾಗಿದೆ.