ನೀಲಿ ಬೆಟ್ಟದ ಹೊಗೆಗಲ್ಲು

ಕತ್ತಲ ಕೋಣೆಯಲ್ಲಿ ಎರಡು ಬೆಣಚುಕಲ್ಲು ಹಿಡಿದು ಉಜ್ಜಿದ್ದೀರಾ? ಕಲ್ಲಿನೊಳಗೆ ಮಸುಕು ಬೆಳಕೊಂದು ಮಿಣುಕಿ ಮಾಯವಾಗುತ್ತದೆ. ಚಿಕ್ಕಂದಿನಲ್ಲಿ ಅದಕ್ಕಾಗಿಯೇ ನಾವು ಕಲ್ಲು ಆರಿಸುತ್ತಿದ್ದೆವು. ಆ ಬೆಣಚಿನ ಕುಲದ್ದೇ ಒಂದು ರತ್ನ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್. ತೆಳು ಡಿಕಾಕ್ಷನ್ನಿನಿಂದ ಹಿಡಿದು ಗಟ್ಟಿ ಡಿಕಾಕ್ಷನ್ನಿನವರೆಗೆ ಕಂದಿನ ಎಲ್ಲ ಹದವೂ ಅದರಲ್ಲಿದೆ.

ಕೇರ್ನ್‌ಗಾರ್ಮ್ ಎಂಬುದು 1,245 ಮೀಟರ್ ಎತ್ತರದ ಬೆಟ್ಟದ ಹೆಸರು. ಗೇಲಿಕ್ ಭಾಷೆಯಲ್ಲಿ ನೀಲಿ ಗುಡ್ಡ ಎಂದರ್ಥ. ಅಲ್ಲಿಯ ಗ್ರಾನೈಟಿನ ಪೊಟರೆಗಳಲ್ಲಿ ಹರಳು ಅಗೆಯುವುದೇ ಒಂದು ಕಾಲಕ್ಕೆ ಕೆಲವರ ಬದುಕಾಗಿತ್ತು. ಕನಸಿನಲ್ಲಿ ಕಂಡ ದೊಡ್ಡ ಹರಳನ್ನು ಹುಡುಕುತ್ತ ಬೆಟ್ಟ ಅಲೆದ ‘ಕಲ್ಲಜ್ಜಿ’ಯೊಬ್ಬಳ ಕಥೆಯನ್ನು ಆ ಸೀಮೆಯವರು ಹೇಳುತ್ತಾರೆ. ಕನಸಲ್ಲದ ಹರಳೂ ಉಂಟು: ಆ ಸೀಮೆಯ ಬ್ರೇಮಾರ್ ಕೋಟೆಯಲ್ಲಿರುವುದು 52 ಪೌಂಡ್, ಅಂದರೆ ಸುಮಾರು ಇಪ್ಪತ್ಮೂರೂವರೆ ಕಿಲೋ ತೂಗುತ್ತದೆ. ದನಕ್ಕೆ ರೋಗ ಬಂದರೆ ಮನೆತನದ ಸ್ಫಟಿಕವನ್ನು ಅದ್ದಿದ ನೀರು ಕುಡಿಸುವ ರೂಢಿಯೂ ಸ್ಕಾಟ್ಲೆಂಡಿನ ಗುಡ್ಡಸೀಮೆ ಹೈಲ್ಯಾಂಡ್ಸ್‌ನಲ್ಲಿತ್ತು.

1852ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಹತ್ತಿರದ ಬಾಲ್ಮೋರಲ್ ಎಸ್ಟೇಟನ್ನು ಕೊಂಡಿತು. ಅದರೊಂದಿಗೆ ಸ್ಕಾಟಿಷ್ ಉಡುಗೆ ಫ್ಯಾಷನ್ನಾಯಿತು. ಹೆಗಲ ಬ್ರೋಚಿಗೆ, ಕಾಲುಚೀಲಕ್ಕೆ ಸಿಕ್ಕಿಸುವ ಚೂರಿಯ ಹಿಡಿಗೆ ಈ ಕಲ್ಲೇ ಬೇಕಾಯಿತು. ಬೆಟ್ಟದ ಹರಳು ಸಾಲದೆ ಬ್ರೆಜಿಲ್‌ನದೂ ಅದೇ ಹೆಸರಿನಲ್ಲಿ ಮಾರಾಟವಾಯಿತು.

ಕಲ್ಲಿಗೆ ಈ ಕಂದು ಬಣ್ಣ ಬಂದ ಬಗೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಹರಳು ಹುಟ್ಟುವಾಗ ಅಲ್ಲೊಂದು ಇಲ್ಲೊಂದು ಸಿಲಿಕಾನ್ ಪರಮಾಣುವಿನ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಕೂರುತ್ತದೆ. ಆಗಿನ್ನೂ ಅದು ನೀರಿನಷ್ಟು ತಿಳಿ. ಸುತ್ತಲ ಗ್ರಾನೈಟಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅತಿ ಮೆಲುವಾದ ವಿಕಿರಣ ಲಕ್ಷಾಂತರ ವರ್ಷ ತಾಗುತ್ತ ತಾಗುತ್ತ, ಅಲ್ಯೂಮಿನಿಯಂ ಪಕ್ಕದ ಆಮ್ಲಜನಕದಿಂದ ಎಲೆಕ್ಟ್ರಾನ್ ಎಗರಿಹೋಗುತ್ತದೆ. ಆ ಖಾಲಿ ಜಾಗವೇ ಬೆಳಕನ್ನು ಹೀರಿ ಕಂದಾಗಿ ಕಾಣುತ್ತದೆ. ಕಲ್ಲಿನಲ್ಲಿ ವಿಕಿರಣವೇನೂ ಉಳಿದಿರುವುದಿಲ್ಲ, ಧರಿಸಲು ಭಯ ಬೇಡ. ಇಂದು ತಿಳಿ ಸ್ಫಟಿಕಕ್ಕೆ ಯಂತ್ರದಲ್ಲಿ ವಿಕಿರಣ ಹಾಯಿಸಿ ಇದೇ ಬಣ್ಣ ತರಿಸುವುದೂ ಇದೆ.

ನಮ್ಮ ಅಂಗಡಿಗಳಲ್ಲಿ ಇದನ್ನು ‘ಸ್ಮೋಕಿ ಟೋಪಾಜ್’ ಎಂದು ಕೊಟ್ಟರೆ ಒಪ್ಪಬೇಡಿ. ಟೋಪಾಜ್ ಬೇರೆಯೇ ಖನಿಜ. ಅದರ ಗಡಸುತನ 8, ಇದರದು 7. ಹಾಗಾಗಿ ವಜ್ರ, ನೀಲ, ಟೋಪಾಜ್‌ಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುತ್ತದೆ. ತೊಳೆಯಲು ಉಗುರುಬೆಚ್ಚನೆ ನೀರು, ಒಂದು ಹನಿ ಸೋಪು, ಮೆತ್ತನೆ ಬ್ರಷ್ಷು ಇದ್ದರೆ ಸಾಕು.

ಇದಕ್ಕೆ ನಿಜವಾಗಿ ಆಗದ್ದು ಬೆಂಕಿ. ಕೆಲವು ನೂರು ಡಿಗ್ರಿ ಕಾವು ತಗುಲಿದರೆ ಎಲೆಕ್ಟ್ರಾನುಗಳು ತಮ್ಮ ಜಾಗಕ್ಕೆ ಮರಳುತ್ತವೆ, ಬಣ್ಣ ಬಿಟ್ಟುಹೋಗುತ್ತದೆ. ಉಂಗುರದ ಬೆಸುಗೆಗೆ ಕೊಡುವಾಗ ಅಕ್ಕಸಾಲಿಗರ ಎದುರು ಕೂತು, ಮೊದಲು ಕಲ್ಲನ್ನು ಕಟ್ಟಿನಿಂದ ಬಿಡಿಸಿಕೊಂಡು ಅಂಗೈಯಲ್ಲಿಟ್ಟುಕೊಳ್ಳಿ. ಆಮೇಲೆ ಅವರು ಬೆಂಕಿ ಹಚ್ಚಲಿ.