ತನ್ನ ದನಿಯಿಲ್ಲದ ಪೆಟ್ಟಿಗೆ

ಧ್ವನಿವರ್ಧಕವೆಂದೊಡನೆ ನಮ್ಮ ವಾಚಕರ ಕಣ್ಣೆದುರಿಗೆ ಬರುವುದು ಜಾತ್ರೆಯ ಕಂಬಕ್ಕೆ ಕಟ್ಟಿದ ತುತ್ತೂರಿಯಾಕಾರದ ಯಂತ್ರವೇ ಆಗಿರಬೇಕು. ಹೋಳಿಹುಣ್ಣಿಮೆಯ ತರುವಾಯ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವವು ನಡೆಯುವಾಗ ಅಂಥ ಯಂತ್ರಗಳು ಬಯಲೆಲ್ಲ ತುಂಬುವಂತೆ ಕೂಗುತ್ತವೆ. ದೂರದವರಿಗೆ ಕೇಳಿಸುವುದೇ ಅವುಗಳ ಧರ್ಮ. ಮಾಧುರ್ಯವನ್ನು ಅವುಗಳಿಂದ ಯಾರೂ ಬಯಸುವುದಿಲ್ಲ. ಆದರೆ ಮನೆಯೊಳಗೆ ನೆಲದ ಮೇಲೆ ನಿಲ್ಲಿಸತಕ್ಕ, ಎದೆಯೆತ್ತರದ ಮರದ ಪೆಟ್ಟಿಗೆಯಂತಿರುವ ಇನ್ನೊಂದು ಜಾತಿಯ ಧ್ವನಿವರ್ಧಕವುಂಟು. ಅದರ ಗುರಿಯೇ ಬೇರೆ. ಹಾಡಿದವನು ಎದುರಿಗೆ ಕುಳಿತು ಹಾಡಿದಂತೆ ಕೇಳಿಸಬೇಕು. ಅದಕ್ಕಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇಷ್ಟನ್ನು ಸಾಧಿಸುವುದಕ್ಕೆ ಎಷ್ಟು ಶ್ರಮ ಬೇಕೆಂಬುದನ್ನು ನಾನು ಕಣ್ಣಾರೆ ಕಂಡಿರುವೆನಾದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನಲ್ಲಿ ಸಂಸ್ಕೃತವನ್ನು ಓದಿದ ಶಿಷ್ಯನೊಬ್ಬನು ಮುಂದೆ ಇಂಜಿನಿಯರಿಂಗ್ ಕಲಿತು, ಕೆಲವು ಕಾಲ ಪರಸ್ಥಳದಲ್ಲಿ ಉದ್ಯೋಗ ಮಾಡಿ, ಬಳಿಕ ಸಂಬಳವನ್ನು ಬಿಟ್ಟು ಕಲಬುರಗಿಗೆ ಮರಳಿದನು. ಉಚ್ಚ ತರಗತಿಯ ಧ್ವನಿವರ್ಧಕವನ್ನು ತಾನೇ ರಚಿಸಿ ಮಾರಬೇಕೆಂಬುದು ಅವನ ಸಂಕಲ್ಪ. ಅವನ ಹುಟ್ಟೂರು ಕೆಂಬಾಳೆಗೆ ಹೆಸರಾದ ಕಮಲಾಪುರ. ಅವನ ತಂದೆಯವರು ಅಲ್ಲಿ ಏಕತಾರಿಯನ್ನು ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಹಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದು ಕ್ಯಾಸೆಟ್ಟು ಮಾತ್ರ.

ಈಗ ಯಂತ್ರದ ಸ್ವರೂಪವನ್ನು ನೋಡೋಣ. ನಮ್ಮ ತಾರ್ಕಿಕರು ಶಬ್ದವು ಹಬ್ಬುವ ಬಗೆಗೆ ಎರಡು ನ್ಯಾಯಗಳನ್ನು ಹೇಳಿದ್ದಾರೆ. ನೀರಿನಲ್ಲಿ ತೆರೆಯು ತೆರೆಯನ್ನು ಹುಟ್ಟಿಸಿದಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಲೇ ಎಲ್ಲ ದಿಕ್ಕಿಗೂ ಕೇಸರಗಳನ್ನು ಚಾಚಿದಂತೆ ಎಂಬುದು ಕದಂಬಮುಕುಲನ್ಯಾಯ. ಶಬ್ದಕ್ಕೆ ಆಶ್ರಯವು ಆಕಾಶವೆಂದು ಅವರೆಂದರು, ವಾಯುವೆಂದು ಇಂದಿನವರೆನ್ನುತ್ತಾರೆ. ಆದರೂ ಆ ದೃಷ್ಟಾಂತಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಸೆಕೆಂಡಿಗೆ 50 ಸಲ ಕಂಪಿಸುವ ಮಂದ್ರಧ್ವನಿಯ ಅಲೆಯು ಸುಮಾರು 7 ಮೀಟರು ಉದ್ದ. ಅದು ಪೆಟ್ಟಿಗೆಯನ್ನು ಬಳಸಿಕೊಂಡು ಕದಂಬದಂತೆ ಎಲ್ಲ ಕಡೆಗೂ ಅರಳುತ್ತದೆ. 10,000 ಸಲ ಕಂಪಿಸುವ ತಾರಧ್ವನಿಯ ಅಲೆಯಾದರೋ ಮೂರೂವರೆ ಸೆಂಟಿಮೀಟರು ಮಾತ್ರ. ಅದು ದೊಡ್ಡ ಶಂಕುವಿನಿಂದ ಹೊರಟರೆ ಬ್ಯಾಟರಿ ದೀಪದ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೋಗುತ್ತದೆ. ಹೀಗಾಗಿ ಒಂದೇ ಶಂಕುವಿನಿಂದ ಎಲ್ಲ ಸ್ವರಗಳನ್ನು ಹೊರಡಿಸುವುದು ದುಸ್ಸಾಧ್ಯ. ಮಂದ್ರಕ್ಕೆ ದೊಡ್ಡದು, ಕಂಠಧ್ವನಿಗೆ ನಡುವಣದು, ತಾರಕ್ಕೆ ರೂಪಾಯಿ ನಾಣ್ಯದಷ್ಟಗಲದ್ದು, ಹೀಗೆ ಮೂರನ್ನಿಟ್ಟು, ತಾಮ್ರದ ಸುರುಳಿಗಳೂ ಕೆಪಾಸಿಟರುಗಳೂ ಕೂಡಿದ ಒಂದು ಜಾಲದಿಂದ ಅವುಗಳಿಗೆ ಅವುಗಳ ಪಾಲಿನ ಸ್ವರಗಳನ್ನು ಹಂಚಿಕೊಡಬೇಕು.

ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನಿಟ್ಟು, ವಿದ್ಯುತ್ತು ಹರಿದಾಗ ಅದು ಶಂಕುವನ್ನು ಮುಂದಕ್ಕೂ ಹಿಂದಕ್ಕೂ ನೂಕುವಂತೆ ಮಾಡಿದ ಈ ಬಗೆಯ ಯಂತ್ರವನ್ನು ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ವಿದ್ವಾಂಸರ ಮುಂದಿಟ್ಟರು. ಶಂಕುವು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿಯು ತೆಳುವಾಗುವುದಷ್ಟೆ. ಇವೆರಡೂ ಕೂಡಿದರೆ ಮಂದ್ರಧ್ವನಿಯು ಅಳಿದುಹೋಗುತ್ತದೆ. ಇವನ್ನು ಅಗಲಿಸುವುದಕ್ಕಾಗಿಯೇ ಪೆಟ್ಟಿಗೆ ಬೇಕಾಯಿತು. ಬರಿಯ ಸೀಸೆಯ ಬಾಯಿಗೆ ಊದಿದರೆ ಒಂದು ಸ್ವರವು ಹೊರಡುವುದನ್ನು ಮಕ್ಕಳೂ ಬಲ್ಲರು. ಅದೇ ತತ್ತ್ವದಿಂದ ಪೆಟ್ಟಿಗೆಗೆ ಒಂದು ಕೊಳವೆಯನ್ನಿಟ್ಟು ಹಿಂಬದಿಯ ಗಾಳಿಯಿಂದಲೇ ಮಂದ್ರಕ್ಕೆ ಬಲವನ್ನು ಪಡೆಯುವ ಉಪಾಯಕ್ಕೆ 1932ರಲ್ಲಿ ತುರಾಸ್ ಎಂಬವರು ಹಕ್ಕುಪತ್ರವನ್ನು ಪಡೆದರು. ಪೆಟ್ಟಿಗೆಯ ಗಾತ್ರವೆಷ್ಟು, ಕೊಳವೆಯ ಉದ್ದವೆಷ್ಟು ಎಂಬುದನ್ನು ಊಹೆಗೆ ಬಿಡದೆ ಲೆಕ್ಕದಿಂದ ಕಂಡುಕೊಳ್ಳುವ ದಾರಿಯನ್ನು ಆಸ್ಟ್ರೇಲಿಯದಲ್ಲಿ 1961ರಲ್ಲಿ ಥೀಲ್ ಎಂಬವರು ತೋರಿಸಿದರು. 1970ರ ದಶಕದಲ್ಲಿ ಸ್ಮಾಲ್ ಎಂಬವರು ಅದನ್ನು ವಿಸ್ತರಿಸಿದರು.

ಪೆಟ್ಟಿಗೆಯು ಎತ್ತರವಾಗಿಯೇ ಏಕಿರಬೇಕು? ಮಂದ್ರಕ್ಕೆ ಹೆಚ್ಚು ಗಾಳಿಯ ಅವಕಾಶ ಬೇಕು. ಮನೆಯಲ್ಲಿ ನೆಲದ ಜಾಗ ಕಡಿಮೆ. ಆದುದರಿಂದ ಮೇಲಕ್ಕೆ ಬೆಳೆಯಿಸುವುದೇ ಉಚಿತ. ಮೇಲಾಗಿ ತಾರಧ್ವನಿಯ ಚಿಕ್ಕ ಯಂತ್ರವು ಕುಳಿತವರ ಕಿವಿಯ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು 90 ಸೆಂಟಿಮೀಟರಿಗೆ, ಬರುತ್ತದೆ.

ಶಿಷ್ಯನು ಇದನ್ನೆಲ್ಲ ಓದಿ, ನುರಿತ ಬಡಿಗೇರನ ನೆರವಿನಿಂದ ಮೊದಲನೆಯ ಜೋಡಿಯನ್ನು ನಿಲ್ಲಿಸಿದನು. ಗೆಳೆಯರು ಬಂದು ಕೇಳಿ ತಲೆದೂಗಿದರು. ಇಬ್ಬರು ಮುಂಗಡವನ್ನು ಕೊಡಲೂ ಸಿದ್ಧರಾದರು. ಕೂಡಿಟ್ಟ ಹಣವು ತೀರುತ್ತ ಬಂದಿದ್ದ ಆ ಸಮಯದಲ್ಲಿ ಅದು ಸಣ್ಣ ಮಾತಲ್ಲ. ಅಂದು ಕಮಲಾಪುರದಿಂದ ಬಂದಿದ್ದ ತಾಯಿಗೆ ಅವನು ತಂದೆಯ ಕ್ಯಾಸೆಟ್ಟನ್ನು ಹಚ್ಚಿ ಕೇಳಿಸಿದನು. ಆಕೆ ಕಣ್ಣುಮುಚ್ಚಿ ಎರಡು ಪದಗಳನ್ನು ಕೇಳಿ, "ದನಿ ದೊಡ್ಡದಾಗ್ಯಾದ ಖರೇ ತಮ್ಮಾ, ಆದ್ರ ಇದು ನಿಮ್ಮಪ್ಪನ ದನಿ ಅಲ್ಲ" ಎಂದರು. ನಾವೆಲ್ಲ ಸುಮ್ಮನಾದೆವು. ಅವನು ನನ್ನ ಕಡೆಗೆ ತಿರುಗಿ, "ಸರ್, ಎಲ್ಲಾರೂ ಛಂದ ಅದ ಅಂದ್ರು. ಅವ್ವ ಒಬ್ಬಾಕೆ ಅಲ್ಲ ಅಂತಾಳ. ಯಾರ ಮಾತು ಹಿಡೀಲಿ?" ಎಂದು ಕೇಳಿದನು. "ಆ ದನಿಯೊಡನೆ ಸಂಸಾರ ಮಾಡಿದವರ ಮಾತನ್ನು ಹಿಡಿ" ಎಂದೆನು.

ಇಲ್ಲಿಯೇ ವಿಷಯದ ಮರ್ಮವಿದೆ. ತಂಬೂರಿಯ ಬುರುಡೆಯು ತಂತಿಯ ನಾದಕ್ಕೆ ತನ್ನ ನಾದವನ್ನು ಕೂಡಿಸುತ್ತದೆ. ಕೂಡಿಸದಿದ್ದರೆ ಅದು ತಂಬೂರಿಯೇ ಅಲ್ಲ. ಮೃದಂಗದ ಮುಚ್ಚಳಕ್ಕೆ ಹಚ್ಚಿದ ಕರಣೆಯು ಅದರ ಉಪಸ್ವರಗಳನ್ನು ಶ್ರುತಿಬದ್ಧವಾಗಿ ಮಾಡುತ್ತದೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೇ ತಮ್ಮ ಸಹಕಾರಿಯೊಡನೆ ಪ್ರಕಟಿಸಿದರು. ವಾದ್ಯಕ್ಕೆ ತನ್ನದೊಂದು ದನಿಯಿರಬೇಕು. ಧ್ವನಿವರ್ಧಕವಾದರೋ ಪರರ ದನಿಯನ್ನು ಮುಟ್ಟಿಸುವ ದೂತ. ದೂತನು ತನ್ನ ಮಾತನ್ನು ಬೆರೆಸಿದರೆ ಕಾರ್ಯವು ಕೆಟ್ಟಂತೆಯೇ. ತಂಬೂರಿಗೆ ಯಾವುದು ಗುಣವೋ ಇದಕ್ಕೆ ಅದೇ ದೋಷ.

ಹಾಗಾದರೆ ಬೆರಕೆಯು ಎಲ್ಲಿಂದ ಬಂತು? ಇದನ್ನು ಕಂಡುಹಿಡಿಯಲು ಗೋಡೆಗಳ ಪ್ರತಿಧ್ವನಿಯಿಲ್ಲದ ಸ್ಥಳವು ಬೇಕು. ದೊಡ್ಡ ಕಾರಖಾನೆಗಳಲ್ಲಿ ಅದಕ್ಕಾಗಿಯೇ ಕಟ್ಟಿದ ಕೋಣೆಗಳಿರುತ್ತವೆ. ನಮ್ಮವನಿಗೆ ಕಮಲಾಪುರದ ಹೊಲವೇ ಆ ಕೋಣೆಯಾಯಿತು. ಜೋಳದ ಹಕ್ಕಿ ಕಾಯುವುದಕ್ಕೆ ಹಾಕಿದ್ದ ಹತ್ತಡಿಯ ಮಂಚಿಕೆಯನ್ನು ಗಟ್ಟಿ ಮಾಡಿ, ನಾಲ್ವರು ಆಳುಗಳಿಂದ ಪೆಟ್ಟಿಗೆಯನ್ನು ಅದರ ಅಂಚಿಗೆ ಏರಿಸಿ, ಒಂದು ಮೀಟರು ದೂರಕ್ಕೆ ಬಿದಿರಿನ ಗಳಕ್ಕೆ ಮೈಕನ್ನು ಕಟ್ಟಿದನು. ಗಾಳಿಯು ಅಡಗಿದ ಬೆಳಗಿನ ಜಾವ. ನೆಲಕ್ಕೆ ತಾಗಿ ಮರಳುವ ಶಬ್ದವು ನೇರವಾಗಿ ಬಂದ ಶಬ್ದಕ್ಕಿಂತ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 15 ಭಾಗ ತಡವಾಗಿ ಬರುವುದು. ಅದಕ್ಕೆ ಮೊದಲಿನದನ್ನು ಮಾತ್ರ ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುತ್ತದೆ. ಗೆರೆಯಲ್ಲಿ 170 ಕಂಪನಗಳ ಸುಮಾರಿಗೆ ಒಂದು ದಿಬ್ಬವು ಕಾಣಿಸಿತು.

ಕಾರಣವು ಸುಲಭವೇ. ಪೆಟ್ಟಿಗೆಯ ಒಳಗಿನ ಎತ್ತರವು 1 ಮೀಟರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಎರಡೂ ಕಡೆ ಮುಚ್ಚಿದ ಒಂದು ಮೀಟರಿನ ಪೊಳ್ಳಿನಲ್ಲಿ ಅರ್ಧ ಅಲೆಯು ನಿಂತುಕೊಂಡರೆ ಅದರ ಸ್ವರವು 170 ಕಂಪನಗಳದ್ದೇ ಆಗುವುದು. ಗಂಡಸರು ಹಾಡುವ ದನಿಯು ಸಂಚರಿಸುವ ಸ್ಥಳವೂ ಅದೇ. ದೊಡ್ಡ ಶಂಕುವನ್ನು ತಳದಲ್ಲಿಟ್ಟಿದ್ದರಿಂದ ಆ ಅಲೆಗೆ ಇನ್ನಷ್ಟು ಪುಷ್ಟಿ ದೊರೆತಿತ್ತು. ತಂದೆಯು ಹಾಡಿದಾಗಲೆಲ್ಲ ಪೆಟ್ಟಿಗೆಯೂ ಜೊತೆಗೂಡಿ ಹಾಡುತ್ತಿತ್ತು. ಗೆಳೆಯರು ಅದನ್ನೇ ಗಾಂಭೀರ್ಯವೆಂದು ಮೆಚ್ಚಿದ್ದರು.

ಅವನು ಮುಂಗಡವನ್ನು ಮುಟ್ಟದೆ ಪೆಟ್ಟಿಗೆಗಳನ್ನು ಒಡೆದನು. ಕಂಠಧ್ವನಿಯ ಶಂಕುವಿಗೆ ಮೇಲ್ಗಡೆ ಬೇರೆ ಗೂಡನ್ನು ಮಾಡಿದನು. ಕೆಳಗಣ ಪೊಳ್ಳು ಇದರಿಂದ ಗಿಡ್ಡವಾಗಿ ಅದರ ಸ್ವರವು ಮೇಲೇರಿತು. ಮೇಲೇರಿದ ಸ್ವರವನ್ನು ಹೀರುವುದು ಸುಲಭ. ಹೀರುವುದಕ್ಕೆ ಬೇಕಾದ ವಸ್ತುವೂ ನಮ್ಮ ಸೀಮೆಯದೇ. ಕಂಬಳಿ ನೇಯುವವರಿಂದ ದಖ್ಖನಿ ಕುರಿಯ ಉಣ್ಣೆಯನ್ನು ತಂದು, ತೊಳೆದು ಹಿಂಜಿ, ಗಾಳಿಯ ಚಲನೆಯು ಅಧಿಕವಾಗಿರುವ ನಡುಭಾಗದಲ್ಲಿ ತುಂಬಿದನು. ದೊಡ್ಡ ಶಂಕುವನ್ನು ಅದೇ ನಡುಭಾಗದ ಸಮೀಪಕ್ಕೆ ಏರಿಸಿದನು. ಹಲಗೆಗಳು ತಾವೇ ನಡುಗದಂತೆ ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು, ಮುಂಬದಿಯ ಅಂಚುಗಳನ್ನು ಉರುಟಾಗಿಸಿದನು. ಬೆರಳ ಗೆಣ್ಣಿನಿಂದ ಬಡಿದರೆ ಈಗ ಬಂಡೆಯನ್ನು ಬಡಿದಂತೆ ಮೊದ್ದು ಸಪ್ಪಳ.

ಆದರೂ ಕೋಣೆಯೆಂಬುದೊಂದು ಉಳಿಯಿತು. ನಮ್ಮ ಕಡೆಯ ಮನೆಗಳಿಗೆ ಶಹಾಬಾದಿನ ಕಲ್ಲಿನ ನೆಲ, ಬೋಳು ಗೋಡೆ. ಶಬ್ದವು ಅಲ್ಲಿ ಬೇಗ ಸಾಯುವುದಿಲ್ಲ. ವಿಜಾಪುರದ ಗೋಲಗುಮ್ಮಟದಲ್ಲಿ ಒಂದು ಕೂಗು ಹಲವು ಸಲ ಮರಳುವುದು ಸೋಜಿಗವೆನಿಸಬಹುದು. ಸಂಗೀತಕ್ಕೆ ಅದೇ ಶತ್ರು. ಮೆತ್ತನೆಯ ಆಸನಗಳು ಶಬ್ದವನ್ನು ಎಷ್ಟು ನುಂಗುತ್ತವೆಂಬುದನ್ನು ಹಾರ್ವರ್ಡಿನ ಸಬೀನ್ ಎಂಬವರು 1895ರಿಂದ ಮೊದಲುಗೊಂಡು ಅಳೆದು ನಿಯಮವನ್ನು ಕಟ್ಟಿದರು. ನಮ್ಮವನು ನೆಲಕ್ಕೆ ದಪ್ಪ ಜಮಖಾನೆಯನ್ನು ಹಾಸಿ, ಪೆಟ್ಟಿಗೆಗಳನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ತಂದನು. ಸಾವಿರಾರು ರೂಪಾಯಿಯ ತಂತಿಗಳಿಗಿಂತ ಇದರಿಂದ ಹೆಚ್ಚು ಪ್ರಯೋಜನವಾಯಿತೆಂದು ಅವನೇ ಹೇಳುತ್ತಾನೆ. ಮನೆಯಲ್ಲಿ ಸಾಮಾನ್ಯ ಯಂತ್ರವನ್ನಿಟ್ಟುಕೊಂಡಿರುವ ವಾಚಕರೂ ಇದನ್ನು ವೆಚ್ಚವಿಲ್ಲದೆ ಪರೀಕ್ಷಿಸಬಹುದು.

ಎರಡನೆಯ ಜೋಡಿಯು ಸಿದ್ಧವಾದಾಗ ಎಂಟು ತಿಂಗಳು ಕಳೆದಿದ್ದುವು. ಹೊಸದು, ಹಳೆಯದು ಎಂಬ ಭಾವನೆಯು ಕಿವಿಯನ್ನು ಮೋಸಗೊಳಿಸಬಾರದೆಂದು ಎಲ್ಲವನ್ನೂ ಪರದೆಯ ಹಿಂದಿಟ್ಟು ತಾಯಿಯನ್ನು ಕೂರಿಸಿದೆವು. ಪದವು ಮೊದಲಾಯಿತು. ದನಿಯು ಮುಂಚಿನಷ್ಟು ದೊಡ್ಡದಾಗಿರಲಿಲ್ಲ. ನಡುವೆ ಉಸಿರು ಸಾಲದೆ ತಡೆದದ್ದೂ ಕೇಳಿಸಿತು. ಆಕೆ ಸೆರಗನ್ನು ಕಣ್ಣಿಗೊತ್ತಿಕೊಂಡು, "ಆ ವರ್ಷ ಅವರಿಗೆ ದಮ್ಮು ಸುರು ಆಗಿತ್ತು, ಮಾಸ್ತರ್ರ" ಎಂದರು.

ಆ ಇಬ್ಬರು ಗೆಳೆಯರಲ್ಲಿ ಒಬ್ಬನು ಹೊಸ ಜೋಡಿಯನ್ನು ಕೊಂಡನು. ಇನ್ನೊಬ್ಬನು ಮೊದಲಿನದೇ ಚೆನ್ನಾಗಿತ್ತೆಂದು ಹೊರಟುಹೋದನು. ಶಿಷ್ಯನು ಅದಕ್ಕಾಗಿ ಚಿಂತಿಸಲಿಲ್ಲ. ಈಗ ಅವನು ಮೂರನೆಯ ಜೋಡಿಗೆ ಹಲಗೆಯನ್ನು ಕೊಯ್ಯಿಸುತ್ತಿದ್ದಾನೆ.