ಆಕಾಶದ ಅದಿರು

ಮಂಗಳ ಮತ್ತು ಗುರುಗ್ರಹಗಳ ನಡುವಣ ಅವಕಾಶದಲ್ಲಿ ಲಕ್ಷಾಂತರ ಶಿಲಾಖಂಡಗಳು ಸೂರ್ಯನನ್ನು ಸುತ್ತುತ್ತಿವೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬ ಪಾದ್ರಿಯು ಇವುಗಳಲ್ಲಿ ಹಿರಿದಾದ ಸೀರಿಸನ್ನು ಕಂಡುಹಿಡಿದಾಗ ಲೋಕವು ಅದನ್ನು ಗ್ರಹವೆಂದೇ ಬಗೆಯಿತು. ಮುಂದೆ ಒಂದಾದಮೇಲೊಂದು ದೊರೆಯತೊಡಗಿದಾಗ ಆ ಪದವಿ ತಪ್ಪಿತು. ಕನ್ನಡದಲ್ಲಿ ಅವುಗಳಿಗೆ ದಕ್ಕಿದ್ದು ಕ್ಷುದ್ರಗ್ರಹವೆಂಬ, ಅಷ್ಟೇನೂ ಗೌರವವಲ್ಲದ ಹೆಸರು. ಆ ಕ್ಷುದ್ರವಸ್ತುಗಳ ಮೇಲೆಯೇ ಇಂದು ಮನುಷ್ಯನ ಆಸೆಯ ಕಣ್ಣು ಬಿದ್ದಿದೆ. ಕಬ್ಬಿಣ, ನಿಕಲ್, ಪ್ಲಾಟಿನಂಗಳು ಅಲ್ಲಿ ರಾಶಿಬಿದ್ದಿವೆ, ಹೋಗಿ ಬಾಚಿ ತರುವುದಷ್ಟೇ ಬಾಕಿ ಎನ್ನುವವರುಂಟು.

ಆ ನೆಲವನ್ನು ಮುಟ್ಟಿ ನೋಡಿದವರ ಅನುಭವವೇ ಬೇರೆ. ಭೂಮಿಯ ಸಮೀಪಕ್ಕೆ ಬಂದುಹೋಗುವ, ಸುಮಾರು 500 ಮೀಟರು ಅಗಲದ ಕ್ಷುದ್ರಗ್ರಹವೊಂದಕ್ಕೆ ಬೆನ್ನು ಎಂದು ಹೆಸರು. (ನಮ್ಮ ಬೆನ್ನಿಗೂ ಇದಕ್ಕೂ ನಂಟಿಲ್ಲ, ಅದು ಈಜಿಪ್ಟಿನ ಪುರಾಣದ ಒಂದು ಹಕ್ಕಿ.) ಅಮೆರಿಕದ ಒಸೈರಿಸ್-ರೆಕ್ಸ್ ನೌಕೆಯು 2016ರಲ್ಲಿ ಹೊರಟು ಎರಡು ವರ್ಷಗಳ ಮೇಲೆ ಅದನ್ನು ಸೇರಿತು. ನುಣುಪಾದ ಮರಳನ್ನು ನಿರೀಕ್ಷಿಸಿದ್ದ ವಿಜ್ಞಾನಿಗಳಿಗೆ ಕಂಡದ್ದು ಬಂಡೆಗಳ ಕಾಡು. 2020ರ ಅಕ್ಟೋಬರ್ 20ರಂದು ನೌಕೆಯು ತನ್ನ ನೀಳವಾದ ತೋಳನ್ನು ಚಾಚಿ ನೆಲವನ್ನು ಮುಟ್ಟಿತು. ನೆಲ ಎದುರೊತ್ತಲೇ ಇಲ್ಲ! ತೋಳು ಅರ್ಧ ಮೀಟರಿನಷ್ಟು ಆಳಕ್ಕೆ ಇಳಿಯಿತು. ಒಡನೆ ಇಂಜಿನುಗಳು ಉರಿದು ಮೇಲಕ್ಕೆತ್ತದಿದ್ದರೆ ನೌಕೆಯೇ ಹೂತುಹೋಗುತ್ತಿತ್ತು. ಬೆನ್ನು ಒಂದೇ ಬಂಡೆಯಲ್ಲ. ಯಾವುದೋ ಹಿರಿಯ ಕಾಯವು ಒಡೆದು ಚೆದರಿದ ಚೂರುಗಳು ಕ್ಷೀಣವಾದ ಗುರುತ್ವದಿಂದ ಕೂಡಿಕೊಂಡ ಕಲ್ಲುಗುಪ್ಪೆ.

ಇಂಥಲ್ಲಿ ಗಣಿ ತೋಡುವುದೆಂತು? ಭೂಮಿಯ ಮೇಲೆ ಬೈರಿಗೆಯನ್ನು ನೆಲಕ್ಕೆ ಒತ್ತಿಹಿಡಿಯುವುದು ಯಂತ್ರದ ತೂಕ. ಅಲ್ಲಿ ತೂಕವೇ ಇಲ್ಲವೆನ್ನಬೇಕು. ಯಂತ್ರವು ನೆಲವನ್ನು ಒತ್ತಿದರೆ ತಾನೇ ಹಿಂದಕ್ಕೆ ತೇಲಿಹೋಗುತ್ತದೆ.

2023ರ ಸೆಪ್ಟೆಂಬರಿನಲ್ಲಿ ಯೂಟಾದ ಮರಳುಗಾಡಿಗೆ ಇಳಿದ ಪೆಟ್ಟಿಗೆಯ ಕಥೆಯೂ ಸ್ವಾರಸ್ಯವಾದುದೆ. ಕೋಟ್ಯಂತರ ಮೈಲಿ ಸುರಕ್ಷಿತವಾಗಿ ಬಂದ ಅದರ 35 ತಿರುಪುಗಳಲ್ಲಿ ಎರಡು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಅದಕ್ಕೆಂದೇ ಹೊಸ ಸಲಕರಣೆ ಮಾಡಿಸಿ 2024ರ ಜನವರಿಯಲ್ಲಿ ತೆರೆದರು. ದೊರೆತದ್ದು ಒಟ್ಟು 121.6 ಗ್ರಾಂ ಕಪ್ಪು ಪುಡಿ. ತಗಲಿದ ವೆಚ್ಚ ನೂರು ಕೋಟಿ ಡಾಲರಿಗೂ ಮಿಗಿಲು.

ಪ್ಲಾಟಿನಮ್ಮನ್ನು ಹಡಗುಗಟ್ಟಲೆ ತಂದರೆಂದೇ ಇಟ್ಟುಕೊಳ್ಳೋಣ. ವಿರಳವಾದುದರಿಂದ ಬಂದ ಬೆಲೆ ಹೇರಳವಾದಾಗ ನಿಂತೀತೆ? ನನಗೆ ಹೆಚ್ಚು ನಂಬುಗೆಯುಳ್ಳದ್ದು ನೀರಿನ ವಾದ. ಇಂಥ ಕಪ್ಪು ಕಲ್ಲುಗಳ ಜೇಡಿಯಲ್ಲಿ ನೀರು ಬಂಧಿತವಾಗಿದೆ. ಅದನ್ನು ಜಲಜನಕ ಆಮ್ಲಜನಕಗಳಾಗಿ ಒಡೆದರೆ ನೌಕೆಗಳಿಗೆ ಇಂಧನ. ಅಲ್ಲಿಯದು ಅಲ್ಲಿಯೇ ಬಳಕೆಯಾಗುತ್ತದೆ. ಹಕ್ಕು ಯಾರದೆಂಬುದು ಮಾತ್ರ ಇನ್ನೂ ತೀರದ ವ್ಯಾಜ್ಯ. ಯಾವ ರಾಷ್ಟ್ರವೂ ಆಕಾಶಕಾಯವನ್ನು ತನ್ನದೆನ್ನಬಾರದೆಂದು 1967ರ ಒಪ್ಪಂದ ಸಾರಿತು. ಅಗೆದು ತೆಗೆದದ್ದು ಅಗೆದವನದೆಂದು ಅಮೆರಿಕವು 2015ರಲ್ಲಿಯೂ ಲಕ್ಸೆಂಬರ್ಗ್ 2017ರಲ್ಲಿಯೂ ಕಾನೂನು ಮಾಡಿದುವು.

ಈ ನಡುವೆ ಆ ಹಿಡಿಪುಡಿಯಲ್ಲಿ ಬತ್ತಿದ ಉಪ್ಪುನೀರು ಉಳಿಸಿಹೋದ ಲವಣಗಳೂ, ಜೀವಿಗಳ ಪ್ರೋಟೀನುಗಳಲ್ಲಿ ಸೇರುವ 20 ಅಮೈನೋ ಆಮ್ಲಗಳಲ್ಲಿ 14ಊ ದೊರೆತುವೆಂಬ ವರದಿ 2025ರಲ್ಲಿ ಹೊರಬಿದ್ದಿತು. ಪುಡಿಯ ನೂರಕ್ಕೆ 70 ಪಾಲನ್ನಾದರೂ ಮುಂದಿನ ಸಂಶೋಧಕರಿಗಾಗಿ, ಇನ್ನೂ ಹುಟ್ಟದವರೂ ಸೇರಿ, ಹ್ಯೂಸ್ಟನ್ನಿನಲ್ಲಿ ಕಾಪಿಡುವುದೆಂದು ನಿಶ್ಚಯಿಸಿದ್ದಾರೆ.